'ದಿ ಥಿಂಗ್': ವಸ್ತುವೋ, ಜೀವಿಯೋ, ಬರೀ 'ಅದೋ'?

ಗೆಳೆಯರೇ,

ಹೋದ ಶನಿವಾರ ರಾತ್ರಿ ಜಾನ್ ಕಾರ್ಪೆಂಟರ್ ನಿರ್ದೇಶನದ 'ದಿ ಥಿಂಗ್' ಅನ್ನುವ ಹಾರರ್ ಸಿನಿಮಾವನ್ನು ಬ್ಲೂರೇಯಲ್ಲಿ ಮತ್ತೆ ನೋಡಿದೆ. 1982ರ ಜೂನ್‌ನಲ್ಲಿ ಬಿಡುಗಡೆ ಆದಾಗ ಇದು ಮೂಲೆಗುಂಪಾಗಿತ್ತು. ಎರಡು ವಾರ ಮುಂಚೆ ಬಂದಿದ್ದ 'ಇ.ಟಿ.' ಸಿನಿಮಾದ ಮುದ್ದು ಅನ್ಯಗ್ರಹ ಜೀವಿಗೆ ಜನ ಮನಸೋತಿದ್ದರು. ಇದರ ರಕ್ತ, ಲೋಳೆ ಯಾರಿಗೆ ಬೇಕಿತ್ತು? ಆಮೇಲೆ ವಿಡಿಯೊ ಕ್ಯಾಸೆಟ್ಟಿನಲ್ಲಿ ಮನೆಮನೆಗೆ ಹೋಗಿ ಮರ್ಯಾದೆ ಸಂಪಾದಿಸಿತು.

ಪಕ್ಕದಲ್ಲಿ ಅಮ್ಮ ಕೂತಿದ್ದರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ, ಸಿಕ್ಕಿಹಾಕಿಕೊಂಡೆ.

ಮೊದಲು ಹೆಸರೇ ತೊಡಕು. 'ವಸ್ತು' ಅಂದರೆ ಅಂಗಡಿ ಸಾಮಾನು. 'ಜೀವಿ' ಅಂದರೆ ಶಾಲೆಯ ಪಾಠ. 'ದೆವ್ವ' ಅಂತೂ ಅಲ್ಲ. ಶುರುವಿನಲ್ಲಿ ನಾರ್ವೆಯವನೊಬ್ಬ ನಾಯಿಯನ್ನು ಅಟ್ಟಿಸಿಕೊಂಡು ಬಂದು, ಅದು ನಾಯಿಯಲ್ಲ, 'ಏನೋ ಒಂದು' ಅಂತ ತನ್ನ ಭಾಷೆಯಲ್ಲಿ ಕೂಗುತ್ತಾನೆ. ಆ ಭಾಷೆ ಬಲ್ಲವರಿಗೆ ಕಥೆ ಅಲ್ಲೇ ಗೊತ್ತಾಗಿಬಿಡುತ್ತದೆ! ನನಗೆ ಸರಿ ಅನ್ನಿಸಿದ್ದು 'ಅದು'. ರಾತ್ರಿ ಹೊತ್ತು ಹಾವನ್ನು 'ಹುಳ' ಅನ್ನುತ್ತೇವಲ್ಲ, ಹಾಗೆ ಹೆಸರೆತ್ತಲು ಹೆದರಿ ಹೇಳುವ 'ಅದು'.

ನಿಜವಾದ ಪೇಚಾಟ ಆಮೇಲಿನದು. 'ಅದು' ಮನುಷ್ಯರನ್ನು ನುಂಗಿ ಅವರದೇ ರೂಪ ತಾಳುತ್ತದೆ. ಅಂಟಾರ್ಕ್ಟಿಕಾದ ನೆಲೆಯಲ್ಲಿರುವ 12 ಜನರಲ್ಲಿ ಯಾರು ಇನ್ನೂ ಮನುಷ್ಯ ಅನ್ನುವುದೇ ಕಥೆ. ಇಂಗ್ಲಿಷಿನ ಕ್ರಿಯಾಪದ ಗುಟ್ಟು ಬಿಡುವುದಿಲ್ಲ. ನಮ್ಮದು ಹಾಗಲ್ಲ. ಆ 12 ಜನರಲ್ಲಿ ಪಾಮರ್ ಅಂತ ಒಬ್ಬನಿದ್ದಾನೆ. 'ಪಾಮರ್ ಬಂದ' ಅಂದರೆ ಮನುಷ್ಯ, 'ಬಂತು' ಅಂದರೆ ಗುಟ್ಟು ರಟ್ಟು. (ಹೆಸರು ಕೇಳಿ ಅಮ್ಮ, "ಪಂಡಿತ ಎಲ್ಲಿ?" ಅಂದರು.)

ರಕ್ತ ಪರೀಕ್ಷೆಯ ದೃಶ್ಯ ನೆನಪಿದೆಯಲ್ಲ? ಕಥಾನಾಯಕ ಮ್ಯಾಕ್‌ರೆಡಿ ತಂತಿ ಕಾಯಿಸಿ ಒಬ್ಬೊಬ್ಬರ ರಕ್ತಕ್ಕೆ ಅದ್ದುತ್ತಾನೆ. ಚುಂಯ್ ಅಂದರೆ ಮನುಷ್ಯ. ಪಾಮರ್‌ನ ರಕ್ತ ಮಾತ್ರ ಕಿರುಚಿಕೊಂಡು ತಟ್ಟೆಯಿಂದ ಹಾರುತ್ತದೆ. ಅದಕ್ಕೂ ಸ್ವಲ್ಪ ಮೊದಲೇ ಅಮ್ಮ, "ನೋಡು, ಅದು ಎಷ್ಟು ಸುಮ್ನೆ ಕೂತಿದೆ" ಅಂದಿದ್ದರು. ನಾನು ಅಲ್ಲಿಯವರೆಗೂ 'ಅವನು' ಅಂತಲೇ ಹೇಳುತ್ತಿದ್ದೆ. ಅಮ್ಮನಿಗೆ ಗೊತ್ತಾಗಿತ್ತಾ? ಇಲ್ಲ, "ಪಾಪ, ಅದಕ್ಕೇನು ಗೊತ್ತು" ಅಂತ ಮನುಷ್ಯರ ಬಗ್ಗೆಯೂ ಹೇಳುತ್ತೇವಲ್ಲ, ಆ 'ಅದು'ವಾ? ಕೇಳಿದರೆ ನಕ್ಕರು ಅಷ್ಟೆ.

ಒಂದು ಉಪಾಯ ಹೊಳೆದಿದೆ. ಇಲ್ಲ ಅನ್ನುವಾಗ ಕನ್ನಡ ಲಿಂಗ ನೋಡುವುದಿಲ್ಲ. ಅವನೂ ಬರಲಿಲ್ಲ, ಅದೂ ಬರಲಿಲ್ಲ. 'ಪಾಮರ್ ಹೇಳಿದ್ದು' ಅಂದರೂ ಗುಟ್ಟು ಉಳಿಯುತ್ತದೆ. ಆದರೆ ಇಡೀ ಸಿನಿಮಾವನ್ನು 'ಬರಲಿಲ್ಲ, ಹೋಗಲಿಲ್ಲ' ಅಂತ ಹೇಳಲು ಆಗುತ್ತದಾ? ಅರ್ಧ ಗಂಟೆಯಲ್ಲಿ ನನಗೇ ಸಾಕಾಯಿತು.

ನಿಮ್ಮ ಕಡೆಯ ಮಾತಿನಲ್ಲಿ 'ಬಂದ', 'ಬಂತು' ಎರಡಕ್ಕೂ ಹೊಂದುವ ಬೇರೆ ರೂಪ ಇದೆಯಾ? ಸಬ್‌ಟೈಟಲ್ ಬರೆಯುವವರು ಏನು ಮಾಡುತ್ತೀರಿ? ಕೊನೆಯ ದೃಶ್ಯದಲ್ಲಿ ಹಿಮದ ನಡುವೆ ಇಬ್ಬರೇ ಉಳಿದಿದ್ದಾರೆ. ಮ್ಯಾಕ್‌ರೆಡಿ ಬಾಟಲಿ ಚಾಚುತ್ತಾನೆ. ಚೈಲ್ಡ್ಸ್ ಕುಡಿದನೋ, ಕುಡಿಯಿತೋ?