ಮಳೆಗೆ ಮಗಳ ಸೈಕಲ್ ಬ್ರೇಕ್ ಹಿಡಿಯುತ್ತಿಲ್ಲ, ಕೇಬಲ್ ಬಿಗಿ ಮಾಡಿಸಿದರೂ ಸರಿಯಾಗಿಲ್ಲ

ಬಿಜೈ ಅಪ್ಪ

ಮಗಳಿಗೆ 9 ವರ್ಷ. 20 ಇಂಚಿನ ಚಕ್ರದ ಸೈಕಲ್, ಹಿಂದೆ ಮುಂದೆ ಎರಡೂ ವಿ-ಬ್ರೇಕ್, ಅಂದರೆ ಎರಡು ತೋಳುಗಳು ಎರಡೂ ಬದಿಯಿಂದ ರಬ್ಬರನ್ನು ರಿಮ್‌ಗೆ ಒತ್ತಿ ಹಿಡಿಯುವಂಥದ್ದು. ಬೇಸಿಗೆಯಲ್ಲಿ ಎಂತ ತೊಂದರೆಯೂ ಇರಲಿಲ್ಲ. ಮಳೆ ಶುರುವಾದ ಮೇಲೆ ಲಿವರ್ ಹ್ಯಾಂಡಲ್‌ಗೆ ತಾಗುವವರೆಗೆ ಹೋಗುತ್ತದೆ, ಸೈಕಲ್ ಮಾತ್ರ ನಿಲ್ಲುವುದಿಲ್ಲ. ಅಂಗಡಿಯಲ್ಲಿ ಕೇಬಲ್ ಎಳೆದು ಬಿಗಿ ಮಾಡಿ ಕೊಟ್ಟರು. ಈಗ ಮುಂದಿನ ರಬ್ಬರ್ ಯಾವಾಗಲೂ ರಿಮ್‌ಗೆ ಉಜ್ಜುತ್ತದೆ, ತುಳಿಯಲಿಕ್ಕೆ ಭಾರ ಅಂತಾಳೆ, ಮಳೆ ಬಂದರೆ ಮತ್ತೆ ಅದೇ ಕಥೆ. ಮೊನ್ನೆ ಕದ್ರಿ ಗುಡ್ಡೆ ಕಡೆಯಿಂದ ಇಳಿಯುವಾಗ ಎರಡೂ ಕಾಲು ನೆಲಕ್ಕೆ ಉಜ್ಜಿ ನಿಲ್ಲಿಸಿದಳು. ನನಗೆ ಜೀವವೇ ಬಾಯಿಗೆ ಬಂತು. ಹೊಸ ಬ್ರೇಕ್ ಹಾಕಿಸಬೇಕಾ, ಅಥವಾ ಡಿಸ್ಕ್ ಬ್ರೇಕ್ ಸೈಕಲ್ಲೇ ತೆಗೆಯಬೇಕಾ?

ಗ್ಯಾರೇಜ್ ಮೂಲೆ

ಮೊದಲು ಒಂದು ಮಾತು. ಇದು ಸರಿಯಾಗುವವರೆಗೆ ಅವಳನ್ನು ಇಳಿಜಾರಿಗೆ ಬಿಡಲೇಬೇಡಿ, ಅಂಗಳದಲ್ಲಿ ಬೇಕಾದಷ್ಟು ಓಡಿಸಲಿ.

ಕೇಬಲ್ ಬಿಗಿ ಮಾಡುವುದು ಎಲ್ಲ ಕಾಯಿಲೆಗೂ ಒಂದೇ ಮಾತ್ರೆ ಕೊಟ್ಟ ಹಾಗೆ. ರಬ್ಬರ್ ರಿಮ್‌ಗೆ ಹತ್ತಿರ ಬರುತ್ತದೆ ನಿಜ, ಆದರೆ ಅದು ಹಿಡಿಯದೆ ಇರಲು ಕಾರಣ ಏನು ಅಂತ ಯಾರೂ ನೋಡಿಲ್ಲ. ಈ ಪರೀಕ್ಷೆ ನೀವೇ ಮಾಡಿ. ವಿ-ಬ್ರೇಕ್‌ನಲ್ಲಿ ಕೇಬಲ್ ಒಂದು ಬಾಗಿದ ಸಣ್ಣ ಪೈಪಿನೊಳಗಿಂದ ಬರುತ್ತದೆ ಅಲ್ವಾ, ಎರಡು ತೋಳುಗಳನ್ನೂ ಒಳಕ್ಕೆ ಒತ್ತಿ ಹಿಡಿದು ಆ ಪೈಪನ್ನು ಅದರ ಕೊಕ್ಕೆಯಿಂದ ಬಿಡಿಸಿ. ಟೂಲ್ ಬೇಡ, ಕೈಯಲ್ಲೇ ಬರುತ್ತದೆ. ಈಗ ಲಿವರ್ ಎಳೆದು ಬಿಡಿ. ಬ್ರೇಕ್‌ಗೆ ಸಂಪರ್ಕವೇ ಇಲ್ಲದಿರುವಾಗ ಲಿವರ್ ಬೆಣ್ಣೆಯ ಹಾಗೆ ಬರಬೇಕು. ಆಗಲೂ ಗಟ್ಟಿ ಇದ್ದರೆ, ಅಥವಾ ಕರಕರ ಅಂದರೆ, ಕೇಬಲ್ ಒಳಗೆ ತುಕ್ಕು ಹಿಡಿದಿದೆ. ಮಗುವಿನ ಬೆರಳಿನ ಶಕ್ತಿಯೆಲ್ಲ ಆ ತುಕ್ಕಿಗೇ ಖರ್ಚಾಗುತ್ತದೆ, ರಬ್ಬರಿಗೆ ತಲುಪುವುದು ಸ್ವಲ್ಪವೇ. ಲಿವರ್ ಬಿಟ್ಟ ಮೇಲೆ ಕೇಬಲ್ ವಾಪಸ್ ಜಾರುವುದೂ ಇಲ್ಲ, ಹಾಗಾಗಿ ರಬ್ಬರ್ ರಿಮ್‌ಗೆ ಉಜ್ಜಿಕೊಂಡೇ ಇರುತ್ತದೆ.

ಅದೇ ಹೊತ್ತಿಗೆ ರಬ್ಬರಿನ ಮುಖವನ್ನೂ ನೋಡಿ. ಹೊಸ ರಬ್ಬರಿನಲ್ಲಿ ಅಡ್ಡ ಗೆರೆಗಳು ಇರುತ್ತವೆ. ಗೆರೆ ಮಾಸಿದ್ದರೆ ರಬ್ಬರಿನ ಕಾಲ ಮುಗಿದಿದೆ. ಗೆರೆ ಇದ್ದೂ ಮೇಲ್ಮೈ ಗಾಜಿನ ಹಾಗೆ ಹೊಳೆಯುತ್ತಿದ್ದರೆ ಮರಳು ಕಾಗದದಲ್ಲಿ ತಿಕ್ಕಿ. ನಮ್ಮ ಕೆಂಪು ಮುರಕಲ್ಲಿನ ಮಣ್ಣು ಮಳೆಗೆ ರಿಮ್‌ಗೆ ಹಾರಿ ರಬ್ಬರಿನಲ್ಲಿ ಕಚ್ಚಿಕೊಳ್ಳುತ್ತದೆ, ಆ ಹರಳುಗಳನ್ನು ಸೂಜಿಯಲ್ಲಿ ಕಿತ್ತು ತೆಗೆಯಿರಿ, ಇಲ್ಲದಿದ್ದರೆ ಅವು ರಿಮ್ಮನ್ನೇ ಕೊರೆಯುತ್ತವೆ.

ಎರಡು ಪರೀಕ್ಷೆಯೂ ಮಾಡಿ ಇಲ್ಲಿ ಬರೆಯಿರಿ.

ಮಲ್ಪೆ ರೈಡರ್

ರಿಮ್ ಅಲ್ಯುಮಿನಿಯಮ್ಮಾ ಅಥವಾ ಹೊಳೆಯುವ ಕ್ರೋಮ್ ಉಕ್ಕಾ, ಅದನ್ನೂ ನೋಡಿ. ಉಕ್ಕಿನ ರಿಮ್ ಒದ್ದೆಯಾದರೆ ರಬ್ಬರ್ ಜಾರುತ್ತದೆ, ಎಷ್ಟು ಒತ್ತಿದರೂ ಅಷ್ಟೇ. ಮ್ಯಾಗ್ನೆಟ್ ಇಟ್ಟರೆ ಗೊತ್ತಾಗುತ್ತದೆ, ಅಲ್ಯುಮಿನಿಯಮ್ಮಿಗೆ ಅಂಟುವುದಿಲ್ಲ. ನಮ್ಮ ಕಡೆ ಕಡಲ ಉಪ್ಪು ಗಾಳಿಗೆ ಕೇಬಲ್ ಬೇಗ ಹಾಳಾಗುತ್ತದೆ, ನಾನು ಪ್ರತಿ ಮಳೆಗಾಲಕ್ಕೆ ಮೊದಲು ಬದಲಿಸಿಬಿಡುತ್ತೇನೆ.

ಬಿಜೈ ಅಪ್ಪ

ನೋಡಿದೆ. ಮ್ಯಾಗ್ನೆಟ್ ಅಂಟಲಿಲ್ಲ. ಎಡ ಲಿವರ್ ಸಲೀಸು, ಬಲದ್ದು ಪೈಪ್ ಬಿಡಿಸಿದ ಮೇಲೂ ಗಟ್ಟಿ, ಮರಳು ಅರೆದ ಹಾಗೆ ಸದ್ದು. ಬಲದ ಲಿವರ್ ಮುಂದಿನ ಚಕ್ರದ್ದು. ಹಿಂದಿನ ರಬ್ಬರಿನ ಗೆರೆ ಪೂರ್ತಿ ಹೋಗಿದೆ, ಮುಂದಿನದ್ದು ಹೊಸದರ ಹಾಗೇ ಉಂಟು. ಇನ್ನೊಂದು ವಿಷಯ, ಅವಳು ಎಡಗೈ ಬ್ರೇಕ್ ಮಾತ್ರ ಹಿಡಿಯುವುದು. ಮುಂದಿನದ್ದು ಹಿಡಿದರೆ ಪಲ್ಟಿ ಆಗುತ್ತದೆ ಅಂತ ಯಾರೋ ಹೇಳಿದ್ದಾರಂತೆ.

ಗ್ಯಾರೇಜ್ ಮೂಲೆ

ಹಾಗಾದರೆ ವಿಷಯ ಸ್ಪಷ್ಟ. ಮುಂದಿನ ಬ್ರೇಕ್ ಗಟ್ಟಿ, ಜೊತೆಗೆ ಹೆದರಿಕೆ, ಹಾಗಾಗಿ ಅದನ್ನು ಅವಳು ಮುಟ್ಟುವುದೇ ಇಲ್ಲ. ಎಲ್ಲ ಕೆಲಸ ಹಿಂದಿನ ಬ್ರೇಕ್ ಒಂದೇ ಮಾಡಿ ಸವೆದುಹೋಗಿದೆ.

ನಾವು ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ವಾಲುತ್ತದೆ. ಹಿಂದಿನ ಚಕ್ರ ಹಗುರಾಗಿ, ಜೋರಾಗಿ ಹಿಡಿದರೆ ಜಾರುತ್ತದೆ. ಮುಂದಿನ ಚಕ್ರ ನೆಲಕ್ಕೆ ಇನ್ನೂ ಗಟ್ಟಿಯಾಗಿ ಒತ್ತುತ್ತದೆ. ಅಂದರೆ ಸೈಕಲ್ ನಿಲ್ಲಿಸುವ ಶಕ್ತಿ ಜಾಸ್ತಿ ಇರುವುದು ಮುಂದಿನ ಬ್ರೇಕಿನಲ್ಲೇ. ಇಳಿಜಾರಿನಲ್ಲಂತೂ ಹಿಂದಿನದ್ದು ಒಂದೇ ಸಾಲುವುದಿಲ್ಲ. ಪಲ್ಟಿ ಆಗುವುದು ಮುಂದಿನದ್ದನ್ನು ಒಮ್ಮೆಲೇ ಗಬಕ್ಕನೆ ಹಿಡಿದು, ಮೈಯನ್ನು ಮುಂದೆ ಬಿಟ್ಟಾಗ. ಮಕ್ಕಳಿಗೆ "ಹಿಡಿಯಬೇಡ" ಅನ್ನುವ ಬದಲು ಹೇಗೆ ಹಿಡಿಯಬೇಕು ಅಂತ ಕಲಿಸಬೇಕು. ಇದನ್ನು ನಾನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ, ಯಾಕೆಂದರೆ ಮನೆಮನೆಯಲ್ಲೂ ಉಲ್ಟಾ ಪಾಠವೇ ನಡೆಯುತ್ತದೆ.

ಕೆಲಸ ಹೀಗೆ ಮಾಡಿ. ಎರಡೂ ಬ್ರೇಕಿಗೆ ಕೇಬಲ್ ಬದಲಿಸಿ, ಒಳಗಿನ ತಂತಿ ಮಾತ್ರ ಅಲ್ಲ, ಹೊರಗಿನ ಕವರ್ ಸಮೇತ, ತುಕ್ಕು ಕೂತಿರುವುದು ಅದರೊಳಗೆ. ಗೇರ್ ಕೇಬಲ್ಲಿನ ಕವರ್ ಹಾಕಲು ಬಿಡಬೇಡಿ, ಅದರೊಳಗಿನ ತಂತಿಗಳು ಉದ್ದಕ್ಕೆ ಇರುತ್ತವೆ, ಬ್ರೇಕಿನ ಎಳೆತಕ್ಕೆ ಒಡೆಯಬಹುದು. ಹಿಂದಕ್ಕೆ ಹೊಸ ರಬ್ಬರ್. ಕೂರಿಸುವಾಗ ರಬ್ಬರ್ ಪೂರ್ತಿ ರಿಮ್ ಮೇಲೇ ಕೂರಬೇಕು. ಮೇಲೆ ಹೋಗಿ ಟಯರ್ ತಾಗಿದರೆ ಟಯರ್ ಕತ್ತರಿಸುತ್ತದೆ, ಕೆಳಗೆ ಇದ್ದರೆ ಜಾರಿ ಕಡ್ಡಿಗಳೊಳಗೆ ಸಿಕ್ಕಬಹುದು. ರಬ್ಬರಿಗೂ ರಿಮ್ಮಿಗೂ 2 ಮಿಲಿಮೀಟರ್ ಅಂತರ ಸಾಕು. ಒಂದೇ ಕಡೆ ಉಜ್ಜುತ್ತಿದ್ದರೆ ಕೇಬಲ್ ಮುಟ್ಟಬೇಡಿ, ತೋಳಿನ ಬುಡದಲ್ಲಿರುವ ಸಣ್ಣ ಸ್ಕ್ರೂವನ್ನು ಉಜ್ಜುವ ಕಡೆಯದ್ದೇ ಸ್ವಲ್ಪ ಒಳಕ್ಕೆ ತಿರುಗಿಸಿ, ಆ ತೋಳು ದೂರ ಸರಿಯುತ್ತದೆ.

ಲಿವರ್ ಬುಡದಲ್ಲೂ ಒಂದು ಪುಟ್ಟ ಸ್ಕ್ರೂ ಉಂಟು, ಅಂಗಡಿಯವರು ಮುಟ್ಟುವುದೇ ಕಡಿಮೆ. ಅದನ್ನು ಒಳಕ್ಕೆ ತಿರುಗಿಸಿದರೆ ಲಿವರ್ ಹ್ಯಾಂಡಲ್‌ಗೆ ಹತ್ತಿರ ಬರುತ್ತದೆ. ಅವಳನ್ನು ಸೈಕಲ್ ಮೇಲೆ ಕೂರಿಸಿ ನೋಡಿ. ಹಿಡಿಯಿಂದ ಕೈ ಸರಿಸದೆ ಎರಡು ಬೆರಳಿನ ಮೊದಲ ಗೆಣ್ಣು ಲಿವರ್ ಮೇಲೆ ಕೂರಬೇಕು. ಬರೀ ತುದಿ ತಾಗಿದರೆ ಅವಳಿಗೆ ಎಳೆಯಲು ಆಗುವುದಿಲ್ಲ, ನಿಮ್ಮ ಕೈಗೆ ಎಷ್ಟೇ ಸಲೀಸಾಗಿದ್ದರೂ.

ರಿಮ್ಮನ್ನು ಸೋಪು ನೀರಲ್ಲಿ ತೊಳೆದು ಸ್ಪಿರಿಟ್‌ನಲ್ಲಿ ಒರೆಸಿ. ಹೊಳೆಯಲಿ ಅಂತ ಇಡೀ ಸೈಕಲ್ಲನ್ನು ಎಣ್ಣೆ ಬಟ್ಟೆಯಲ್ಲಿ ಒರೆಸುವ ಅಭ್ಯಾಸ ಇದ್ದರೆ ದಯವಿಟ್ಟು ನಿಲ್ಲಿಸಿ. ರಿಮ್‌ಗೆ ಎಣ್ಣೆ ತಾಗಿದರೆ ಬ್ರೇಕ್ ಇಲ್ಲ ಅಂತಲೇ ಲೆಕ್ಕ.

ಡಿಸ್ಕ್ ಬೇಡ. ಮಳೆಗೆ ಅದು ಚೆನ್ನಾಗಿ ಹಿಡಿಯುತ್ತದೆ ನಿಜ, ಆದರೆ ಮಕ್ಕಳ ಸೈಕಲ್ಲಿನ ಡಿಸ್ಕ್ ಕೂಡ ಹೆಚ್ಚಾಗಿ ಕೇಬಲ್ಲಿನದ್ದೇ, ಮುಂದಿನ ಮಳೆಗೆ ಅದೂ ತುಕ್ಕು ಹಿಡಿಯುತ್ತದೆ.

ಬಿಜೈ ಅಪ್ಪ

ಎಲ್ಲ ಬದಲಿಸಿ ಆಯ್ತು. ಲಿವರ್ ಈಗ ಅರ್ಧ ದಾರಿಯಲ್ಲೇ ಗಟ್ಟಿ ನಿಲ್ಲುತ್ತದೆ, ಅವಳೇ ಎರಡು ಬೆರಳಲ್ಲಿ ಎಳೆಯುತ್ತಾಳೆ. ಇನ್ನು ಕಲಿಸುವುದು ಹೇಗೆ?

ಗ್ಯಾರೇಜ್ ಮೂಲೆ

ಸಮತಟ್ಟು ಜಾಗದಲ್ಲಿ, ಒಣಗಿದ್ದಾಗ ಶುರು ಮಾಡಿ. ಮೊದಲು ಸೈಕಲ್ ತಳ್ಳಿಕೊಂಡು ನಡೆಯುತ್ತಾ ಮುಂದಿನ ಬ್ರೇಕ್ ಮಾತ್ರ ಹಿಡಿಯಲಿ, ಹಿಂದಿನ ಚಕ್ರ ಏಳಲು ನೋಡುವುದು ಅವಳ ಕೈಗೇ ಗೊತ್ತಾಗುತ್ತದೆ. ಆಮೇಲೆ ಹತ್ತಿ, ನಿಧಾನಕ್ಕೆ ಹೋಗಿ, ಎರಡೂ ಲಿವರ್ ಒಟ್ಟಿಗೆ, ಮೆತ್ತಗೆ ಶುರು ಮಾಡಿ ಬಿಗಿ ಮಾಡುತ್ತಾ ಹೋಗಲಿ. ಕೈ ಚಾಚಿ ಸೊಂಟ ಹಿಂದಕ್ಕೆ. ನೆಲದ ಮೇಲೆ ಒಂದು ಗೆರೆ ಎಳೆದು, ಅಲ್ಲಿಂದ ಬ್ರೇಕ್ ಹಿಡಿದರೆ ಎಲ್ಲಿ ನಿಲ್ಲುತ್ತಾಳೆ ಅಂತ ಕಲ್ಲಿಟ್ಟು ತೋರಿಸಿ. ಸ್ಪೀಡ್ ಎರಡು ಪಟ್ಟಾದರೆ ನಿಲ್ಲುವ ದೂರ ನಾಲ್ಕು ಪಟ್ಟಾಗುತ್ತದೆ, ಇದನ್ನು ಬಾಯಲ್ಲಿ ಹೇಳಿದರೆ ಮಕ್ಕಳಿಗೆ ಹತ್ತುವುದಿಲ್ಲ, ಕಲ್ಲು ನೋಡಿದರೆ ಹತ್ತುತ್ತದೆ.

ಒದ್ದೆಯಲ್ಲಿ ಅದೇ ಗೆರೆಯಿಂದ ಮತ್ತೆ ಮಾಡಿಸಿ. ಒದ್ದೆ ರಿಮ್ ಮೇಲೆ ರಬ್ಬರ್ ಮೊದಲು ನೀರು ಒರೆಸಬೇಕು, ಆಮೇಲೆ ಹಿಡಿಯುವುದು. 20 ಇಂಚಿನ ಚಕ್ರ ಒಂದು ಸುತ್ತು ಬಂದರೆ ಸುಮಾರು ಒಂದೂವರೆ ಮೀಟರ್, ಒಂದೆರಡು ಸುತ್ತು ಸುಮ್ನೆ ಹೋಗುತ್ತದೆ. ಹಾಗಾಗಿ ಮಳೆಯಲ್ಲಿ ತಿರುವಿಗೆ ತುಂಬಾ ಮೊದಲೇ ಲಿವರ್ ಸ್ವಲ್ಪ ಒತ್ತಿ ರಿಮ್ ಒಣಗಿಸಿಕೊಳ್ಳಲಿ. ಬ್ರೇಕ್ ತಿರುವಿಗೆ ಮೊದಲು, ತಿರುಗುವಾಗ ಅಲ್ಲ. ಕಾಂಕ್ರೀಟ್ ರಸ್ತೆಯ ಅಂಚಿನಲ್ಲಿ ಪಾಚಿ, ಮ್ಯಾನ್‌ಹೋಲ್ ಮುಚ್ಚಳ, ರಸ್ತೆಯ ಬಿಳಿ ಪೈಂಟ್, ಇವುಗಳ ಮೇಲೆ ಹಿಡಿಯಬಾರದು.

ಹೊಸ ಕೇಬಲ್ ಮೊದಮೊದಲು ಸ್ವಲ್ಪ ಸಡಿಲವಾಗುತ್ತದೆ, ಲಿವರ್ ಬಳಿ ಇರುವ ಉರುಟು ಅಡ್ಜಸ್ಟರ್ ಅನ್ನು ಹೊರಕ್ಕೆ ತಿರುಗಿಸಿದರೆ ಸಾಕು. ಅದನ್ನು ಅವಳಿಗೇ ಕಲಿಸಿ.