ಪೇಟೆ, ಬಸ್ಸು ಸುತ್ತಿದರೂ ಕಥೆ ಕೂಡುತ್ತಿಲ್ಲ: ನೋಡುವುದು ಏನನ್ನು, ಬರೆದಿಡುವುದು ಹೇಗೆ?

ಹೊಸಪುಟ:
ಸಣ್ಣಕಥೆ ಬರೆಯುವವರಲ್ಲಿ ಒಂದು ಪ್ರಶ್ನೆ. ವಾರಕ್ಕೊಮ್ಮೆ ಹೂವು, ಸೊಪ್ಪು ತರಲು ಗಾಂಧಿ ಬಜಾರು, ದಿನಾ ಬಿಎಂಟಿಸಿ ಬಸ್ಸು. ತಿರುಗಾಟ ಇಷ್ಟೇ. ಟಿಪ್ಪಣಿ ಪುಸ್ತಕದಲ್ಲಿ ಮೂವತ್ತು ಪುಟ ತುಂಬಿದೆ, ಆದರೆ ಎಲ್ಲವೂ ‘ಮಳೆ ನಿಂತ ಸಂಜೆ, ಬುಟ್ಟಿ ತುಂಬ ಸೇವಂತಿಗೆ, ಹೂವಮ್ಮನ ದಣಿದ ಮುಖ’ ಎಂಬಂಥ ಸಾಲುಗಳು. ಕಥೆಗೆ ಕೂತರೆ ವರ್ಣನೆ ಒಂದು ಪುಟ ಓಡಿ ನಿಂತುಬಿಡುತ್ತದೆ. ಇಂಥ ಜಾಗಗಳಲ್ಲಿ ಏನನ್ನು ಗಮನಿಸಬೇಕು? ಅಲ್ಲೇ ಬರೆದುಕೊಳ್ಳಬೇಕೋ, ಮನೆಗೆ ಬಂದ ಮೇಲೋ? ಜನರ ಮಾತನ್ನು ಹಿಡಿಯುವುದು ಹೇಗೆ?

ಮೊಳಮಲ್ಲಿಗೆ:
‘ದಣಿದ ಮುಖ’ ಕಣ್ಣಿಗೆ ಕಂಡದ್ದಲ್ಲ, ನೀವು ಕೊಟ್ಟ ತೀರ್ಪು. ಕಂಡದ್ದು ಬೇರೇನೋ ಇರುತ್ತದೆ: ಗಿರಾಕಿ ಮಾತಾಡುತ್ತಿದ್ದರೂ ಆಕೆ ತಲೆ ಎತ್ತದೆ ಹೂ ಕಟ್ಟುತ್ತಿದ್ದಳು, ಬೆಲೆ ಕೇಳಿದಾಗ ಮಾತಿನ ಬದಲು ಬೆರಳು ತೋರಿಸಿದಳು. ಅದನ್ನು ಬರೆದಿಟ್ಟರೆ ಮುಂದೆ ಕೆಲಸಕ್ಕೆ ಬರುತ್ತದೆ. ತೀರ್ಪು ಬರೆದಿಟ್ಟರೆ ಒಂದು ವಾರದಲ್ಲಿ ಬಣ್ಣ ಹೋಗುತ್ತದೆ.

ಪೇಟೆಯಲ್ಲಿ ನೋಟಕ್ಕಿಂತ ವ್ಯವಹಾರದ ಹಿಂದೆ ಹೋಗಿ. ಒಬ್ಬರು ಕೊಡಬೇಕು, ಒಬ್ಬರು ತೆಗೆದುಕೊಳ್ಳಬೇಕು, ಇಬ್ಬರ ಲೆಕ್ಕವೂ ಬೇರೆ. ಅಲ್ಲಿ ತಿಕ್ಕಾಟ ತಾನಾಗಿ ಇದೆ. ಕಟ್ಟಿದ ಹೂವನ್ನೇ ತೆಗೆದುಕೊಳ್ಳಿ. ಮಾರುವುದು ಮೊಳದ ಲೆಕ್ಕದಲ್ಲಿ ಅಥವಾ ಮಾರಿನ ಲೆಕ್ಕದಲ್ಲಿ. ಮೊಳವೆಂದರೆ ಮೊಣಕೈಯಿಂದ ಬೆರಳ ತುದಿಯವರೆಗೆ, ಮಾರೆಂದರೆ ಚಾಚಿದ ಎರಡೂ ಕೈಯಷ್ಟು, ಸುಮಾರು ನಾಲ್ಕು ಮೊಳ. ಅಳತೆಗೋಲು ಮಾರುವವಳ ಕೈಯೇ. ‘ನಿನ್ನ ಮೊಳ ಚಿಕ್ಕದಮ್ಮ’ ಎನ್ನುವ ಗಿರಾಕಿ, ಕಡೆಗೆ ಅರ್ಧ ಗೇಣು ಹೆಚ್ಚಿಗೆ ಬಿಟ್ಟು ದಾರ ಕತ್ತರಿಸುವ ಹೂವಮ್ಮ, ದಾರ ಎಳೆದು ಹಿಡಿದು ಅಳೆದಳೋ ಸಡಿಲ ಬಿಟ್ಟಳೋ ಎಂಬುದು: ಇಷ್ಟರಲ್ಲಿ ಇಬ್ಬರ ಸ್ವಭಾವವೂ ಹೊರಬೀಳುತ್ತದೆ.

ಸರಕಿನ ಗುಣವನ್ನೂ ತಿಳಿದಿರಿ, ಕಥೆಯ ಗಡಿಯಾರ ಅದರೊಳಗಿರುತ್ತದೆ. ಮಲ್ಲಿಗೆ ಮೊಗ್ಗಾಗಿ ಬರುತ್ತದೆ, ಸಂಜೆ ಅರಳುತ್ತದೆ, ಮರುದಿನ ಕಂದುತ್ತದೆ. ಹಾಗಾಗಿ ರಾತ್ರಿ ಎಂಟರ ಮೇಲೆ ಉಳಿದ ಹೂವಿಗೆ ಬೆಲೆ ಬೀಳುತ್ತದೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಅದೇ ಹೂವು ಕೈಗೆಟುಕುವುದಿಲ್ಲ. ಕನಕಾಂಬರಕ್ಕೆ ವಾಸನೆ ಇಲ್ಲ, ತೂಕವೂ ಇಲ್ಲದ್ದರಿಂದ ಕಿಲೋ ಲೆಕ್ಕದಲ್ಲಿ ದುಬಾರಿ. ರಾತ್ರಿ ಎಂಟೂವರೆಗೆ ಹೂ ಕೊಳ್ಳುವ ಪಾತ್ರವೂ ಬೆಳಿಗ್ಗೆ ಆರಕ್ಕೆ ಕೊಳ್ಳುವ ಪಾತ್ರವೂ ಒಂದೇ ಅಲ್ಲ.

ಒಂದೇ ಅಂಗಡಿಯ ಎದುರು ನಲವತ್ತು ನಿಮಿಷ ನಿಲ್ಲಿ. ಹತ್ತು ಅಂಗಡಿ ಸುತ್ತಿದರೆ ಹತ್ತು ಚಿತ್ರ ಸಿಗುತ್ತವೆ, ಒಂದು ಜಗಳವೂ ಪೂರ್ತಿ ಸಿಗುವುದಿಲ್ಲ. ಏನಾದರೂ ಕೊಂಡೇ ನಿಲ್ಲಿ, ಸುಮ್ಮನೆ ನಿಂತು ದಿಟ್ಟಿಸಿದರೆ ಎದುರಿನವರಿಗೆ ಕಸಿವಿಸಿ.

ಕೊನೆಯಸ್ಟಾಪು:
ಬಸ್ಸಿನ ಬಗ್ಗೆ ನಾನು ಸೇರಿಸುತ್ತೇನೆ. ಕಿಟಕಿಯಾಚೆ ನೋಡುವುದನ್ನು ಬಿಟ್ಟು ಚಿಲ್ಲರೆಯನ್ನು ನೋಡಿ. ಚಿಲ್ಲರೆ ಇಲ್ಲದಾಗ ಕಂಡಕ್ಟರ್ ಬಾಕಿಯನ್ನು ಟಿಕೆಟಿನ ಹಿಂದೆ ಬರೆದುಕೊಡುತ್ತಾರೆ. ಇಳಿಯುವ ಸ್ಟಾಪು ಹತ್ತಿರವಾಗುತ್ತಿದೆ, ಕಂಡಕ್ಟರ್ ಜನರ ನಡುವೆ ಎಲ್ಲೋ ಮುಂದೆ ಸಿಕ್ಕಿಕೊಂಡಿದ್ದಾರೆ, ಕೈಯಲ್ಲಿ ಒಂಬತ್ತು ರೂಪಾಯಿಯ ಚೀಟಿ. ಕೇಳಬೇಕೋ, ಬಿಟ್ಟು ಇಳಿಯಬೇಕೋ? ಪಾತ್ರದ ಬಡತನ, ಸಂಕೋಚ, ಹಟ ಯಾವುದನ್ನು ಬೇಕಾದರೂ ಇದರಲ್ಲಿ ತೋರಿಸಬಹುದು. ಇದಕ್ಕಿಂತ ಚೆಂದದ್ದು, ಇಬ್ಬರು ಅಪರಿಚಿತರ ಬಾಕಿ ಸೇರಿಸಿ ಒಂದೇ ನೋಟು ಕೊಟ್ಟು ‘ಇಳಿದು ಹಂಚಿಕೊಳ್ಳಿ’ ಎನ್ನುವುದು. ಮುಖ ಪರಿಚಯವಿಲ್ಲದ ಇಬ್ಬರು ಒಟ್ಟಿಗೆ ಇಳಿದು ಒಂದು ಅಂಗಡಿ ಹುಡುಕಲೇಬೇಕು. ಕಥೆಯ ಮೊದಲ ದೃಶ್ಯ ಇದಕ್ಕಿಂತ ಸಲೀಸಾಗಿ ಸಿಗುವುದು ಕಷ್ಟ.

ಕಾಲ ತಪ್ಪಬೇಡಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಗುರುತಿನ ಚೀಟಿ ತೋರಿಸಿ ಶೂನ್ಯ ದರದ ಟಿಕೆಟ್ ಪಡೆಯಬೇಕು. ಎಸಿ ಬಸ್ಸಿಗೆ ಇದು ಇಲ್ಲ. ಆದ್ದರಿಂದ 2024ರಲ್ಲಿ ನಡೆಯುವ ಕಥೆಯ ನಾಯಕಿ ಸಾಮಾನ್ಯ ಬಸ್ಸಿನಲ್ಲಿ ಚಿಲ್ಲರೆಗೆ ಪರದಾಡಿದರೆ ಓದುಗರು ಅಲ್ಲೇ ನಿಲ್ಲುತ್ತಾರೆ. ಆದರೆ ಖಾಲಿ ಸಾಮಾನ್ಯ ಬಸ್ಸು ಬಿಟ್ಟು ಬಿಎಂಟಿಸಿಯ ಎಸಿ ಬಸ್ಸಾದ ವಜ್ರ ಹತ್ತಿದಳೆಂದರೆ ಅದಕ್ಕೊಂದು ಕಾರಣ ಇರಲೇಬೇಕು, ಕಥೆಯನ್ನು ಅಲ್ಲಿಂದ ಹಿಡಿಯಬಹುದು.

ಅಡ್ಡಗೆರೆ:
ಅಲ್ಲೇ ಬರೆಯುವುದೋ ಮನೆಯಲ್ಲೋ ಎಂಬುದಕ್ಕೆ: ವಸ್ತುವಿನ ಹೆಸರು, ಬೆಲೆ, ಆಡಿದ ಮಾತು, ಈ ಮೂರು ಅಲ್ಲೇ. ಮೊಬೈಲಿನಲ್ಲಿ ಟೈಪ್ ಮಾಡಿದರೆ ಯಾರೂ ತಿರುಗಿ ನೋಡುವುದಿಲ್ಲ. ಐದಾರು ಪದ ಸಾಕು. ಉಳಿದದ್ದು ಅದೇ ದಿನ ಮಲಗುವುದರೊಳಗೆ. ರಾತ್ರಿ ಕಳೆದರೆ ನೆನಪು ಆಡುಮಾತನ್ನು ಗ್ರಂಥಸ್ಥ ಮಾಡಿಬಿಡುತ್ತದೆ, ‘ಹೊಂಟೀನ್ರಿ’ ಎಂದದ್ದು ‘ಹೊರಟಿದ್ದೇನೆ’ ಆಗುತ್ತದೆ. ಯಾರ ಮಾತನ್ನೂ ರೆಕಾರ್ಡ್ ಮಾಡಬೇಡಿ, ಫೋಟೊವೂ ಬೇಡ. ಅದು ಅವರ ಬದುಕು.

ಮಾತು ಹಿಡಿಯುವಾಗ ಎಲ್ಲರೂ ಬೀಳುವ ಹಳ್ಳ ಎಂದರೆ ಪ್ರತಿ ಪದವನ್ನೂ ಉಚ್ಚಾರದಂತೆ ಬರೆಯುವುದು. ಎರಡನೇ ಪುಟಕ್ಕೆ ಓದುಗರು ಸೋಲುತ್ತಾರೆ. ಕ್ರಿಯಾಪದದ ಕೊನೆ, ಕರೆಯುವ ರೀತಿ, ಇವೆರಡನ್ನು ಸರಿಯಾಗಿ ಹಿಡಿದರೆ ಊರು ಗೊತ್ತಾಗುತ್ತದೆ. ‘ಎಲ್ಲಿಗ್ಲಾ ಹೋಯ್ತಿದ್ದೀಯ’ ಎಂದರೆ ಮಂಡ್ಯದ ಕಡೆ, ‘ಎಲ್ಲಿಗೆ ಹೊಂಟೀರಿ’ ಎಂದರೆ ಧಾರವಾಡ, ‘ಎಲ್ಲಿಗೆ ಹೋಗುದು ಮಾರಾಯ್ರೆ’ ಎಂದರೆ ಮಂಗಳೂರು. ಒಬ್ಬನೇ ಮನುಷ್ಯ ಅಂಗಡಿಯಲ್ಲಿ ಒಂದು ಥರ, ಊರಿಂದ ಫೋನ್ ಬಂದಾಗ ಇನ್ನೊಂದು ಥರ ಮಾತಾಡುತ್ತಾನಲ್ಲ, ಬೆಂಗಳೂರಿನಲ್ಲಿ ಅದನ್ನು ವಿಶೇಷವಾಗಿ ಕೇಳಿಸಿಕೊಳ್ಳಿ.

ಹೊಸಪುಟ:
ತುಂಬಾ ಉಪಕಾರವಾಯಿತು. ಪುಸ್ತಕದಲ್ಲಿ ಹುಡುಕಿದರೆ ಇಂಥ ಸಾಲು ಒಂದೇ ಒಂದಿದೆ: ‘ದಂಟಿನ ಸೊಪ್ಪು. ಮೂರು ಕಟ್ಟು ಎತ್ತಿಕೊಂಡ ಹೆಂಗಸು, ದುಡ್ಡು ಕೊಡುವ ಹೊತ್ತಿಗೆ ಒಂದನ್ನು ವಾಪಸ್ ಇಟ್ಟರು.’ ಇದನ್ನು ಮುಂದೆ ಹೇಗೆ ಎಳೆಯುವುದು?

ಮೊಳಮಲ್ಲಿಗೆ:
ಇದು ಒಳ್ಳೆಯ ಸಾಲು! ಯಾಕೆ ವಾಪಸ್ ಇಟ್ಟರು ಎಂಬುದಕ್ಕೆ ಐದು ಕಾರಣ ಬರೆಯಿರಿ. ಮೊದಲನೆಯದು ‘ದುಡ್ಡು ಸಾಲಲಿಲ್ಲ’ ಎಂದೇ ಬರುತ್ತದೆ, ಎರಡನೆಯದು ‘ಸೊಪ್ಪು ಬಾಡಿತ್ತು’. ಎರಡನ್ನೂ ಹೊಡೆದುಹಾಕಿ, ಎಲ್ಲರಿಗೂ ಹೊಳೆಯುವಂಥವು. ನಾಲ್ಕನೆಯದೋ ಐದನೆಯದೋ ‘ಮನೆಯಲ್ಲಿ ಉಣ್ಣುವವರು ಈಗ ಒಬ್ಬರು ಕಮ್ಮಿ, ಕೈಗೆ ಇನ್ನೂ ಹಳೆಯ ಲೆಕ್ಕ’ ಎಂಬಂಥದ್ದು ಬಂದರೆ ಅದನ್ನು ಹಿಡಿಯಿರಿ. ಆದರೆ ಕಥೆಯೊಳಗೆ ಆ ಕಾರಣವನ್ನು ಹೇಳಬೇಡಿ. ಮುಂದಿನ ವಾರ ಅವರು ಎಷ್ಟು ಕಟ್ಟು ಎತ್ತಿಕೊಂಡರು ಎಂಬುದನ್ನಷ್ಟೇ ತೋರಿಸಿ.

ಆಮೇಲೆ ಯಾರ ಕಣ್ಣಿಂದ ಎಂಬುದು. ಆ ಹೆಂಗಸಿನ ಕಣ್ಣಿಂದ ಹೇಳಿದರೆ ಗೋಳು ಆಗುವ ಅಪಾಯ ಹೆಚ್ಚು. ವಾರಾವಾರ ಮೂರು ಕಟ್ಟು ತೆಗೆದಿಟ್ಟು ಕಾಯುವ ಸೊಪ್ಪಿನವಳ ಕಣ್ಣಿಂದ ಹೇಳಿ ನೋಡಿ, ಕೇಳಲೋ ಬೇಡವೋ ಎಂಬ ಅವಳ ಗೊಂದಲವೇ ಕಥೆಯನ್ನು ನಡೆಸುತ್ತದೆ.

ಕೊನೆಯಸ್ಟಾಪು:
ಹೌದು. ಜೊತೆಗೆ ಆ ನಿಜವಾದ ಹೆಂಗಸಿನ ವಯಸ್ಸು, ಸೀರೆ, ಬೀದಿ ಎಲ್ಲವನ್ನೂ ಬದಲಿಸಿ, ಕಟ್ಟು ವಾಪಸ್ ಇಟ್ಟ ಕೈಯನ್ನು ಮಾತ್ರ ಉಳಿಸಿಕೊಳ್ಳಿ. ಮೊದಲ ಕರಡು ಆರುನೂರು ಪದ ದಾಟದಿರಲಿ. ಮಳೆ ನಿಂತ ಸಂಜೆಯ ವರ್ಣನೆ ಬೇಕೇ ಬೇಕೆನಿಸಿದರೆ, ಮಳೆಗೆ ಸೊಪ್ಪಿನ ಬೆಲೆ ಏನಾಯಿತು ಎಂಬ ಜಾಗದಲ್ಲಿ ತನ್ನಿ.