ಮನೆಯ ಹಳೆಯ ಪ್ರಿಂಟರ್ ಹಂಚಿಕೊಳ್ಳಲು ಸಾಂಬಾ ಸಾಕೇ, ಕಪ್ಸ್ ಬೇಕೇ?

ಸಂಪಿಗೆ: ಯುಎಸ್‌ಬಿ ಮಾತ್ರ ಇರುವ ಹಳೆಯ ಲೇಸರ್ ಪ್ರಿಂಟರನ್ನು ವಿಂಡೋಸ್ ಕಂಪ್ಯೂಟರಿಗೆ ಜೋಡಿಸಿ ಹಂಚಿಕೊಂಡಿದ್ದೇನೆ. ಉಬುಂಟು (ಲಿನಕ್ಸ್) ಲ್ಯಾಪ್‌ಟಾಪಿನಿಂದ ಕಳಿಸಿದ ಕಡತ ‘ದೃಢೀಕರಣಕ್ಕಾಗಿ ತಡೆಹಿಡಿಯಲಾಗಿದೆ’ ಎಂದು ಸರದಿಯಲ್ಲೇ ನಿಲ್ಲುತ್ತದೆ. ಐಫೋನಿಗೆ ಪ್ರಿಂಟರ್ ಕಾಣುವುದೇ ಇಲ್ಲ. ಏನು ಮಾಡಲಿ?

ನೆಟ್‌ವರ್ಕಿಗ: ವಿಂಡೋಸ್‌ನಲ್ಲಿ ಮುದ್ರಣಕ್ಕೆಂದೇ ಒಂದು ಸ್ಥಳೀಯ ಖಾತೆ ತೆರೆದು, ಅದರ ಹೆಸರು, ಪಾಸ್‌ವರ್ಡ್ ಎರಡನ್ನೂ ಉಬುಂಟುವಿಗೆ ಕೊಡಿ. ಲಿನಕ್ಸ್‌ನಿಂದ ವಿಂಡೋಸ್ ಹಂಚಿಕೆಯನ್ನು ತಲುಪಿಸುವ ತಂತ್ರಾಂಶ ಸಾಂಬಾ ಸಾಕು. ಇರುವುದನ್ನು ಸರಿಪಡಿಸಿಕೊಳ್ಳುವುದು ಬಿಟ್ಟು ಹೊಸ ಯಂತ್ರಕ್ಕೆ ದುಡ್ಡು ಸುರಿಯಬೇಡಿ.

ಪೆಂಗ್ವಿನ್‌ಪ್ರಿಯ: ಇದರಿಂದ ಉಬುಂಟು ಸರಿಹೋದೀತು, ಐಫೋನ್? ಅದಕ್ಕೆ ಬೇಕಿರುವುದು ಆಪಲ್‌ನ ಮುದ್ರಣ ವ್ಯವಸ್ಥೆ ಏರ್‌ಪ್ರಿಂಟ್; ಅದು ಐಪಿಪಿ ಎಂಬ ಜಾಲ ಮುದ್ರಣ ವಿಧಾನವನ್ನು ಆಧರಿಸಿದ್ದು. ವಿಂಡೋಸ್‌ನ ಸಾಮಾನ್ಯ ಹಂಚಿಕೆ ಅದನ್ನು ಒದಗಿಸುವುದಿಲ್ಲ. ಅದೂ ಅಲ್ಲದೆ, 2021ರ ಪ್ರಿಂಟ್‌ನೈಟ್‌ಮೇರ್ ಎಂಬ ವಿಂಡೋಸ್ ಭದ್ರತಾ ದೋಷದ ಬಳಿಕ ಹಂಚಿಕೊಂಡ ಪ್ರಿಂಟರಿನ ಡ್ರೈವರ್ ಹಾಕಲೂ ಅಡ್ಮಿನ್ ಅನುಮತಿ ಬೇಕಾಗಿದೆ. ಪ್ರಿಂಟರನ್ನು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಜೋಡಿಸಿ, ಅದರಲ್ಲಿ ಮುದ್ರಣ ನಿರ್ವಹಿಸುವ ತಂತ್ರಾಂಶ ಕಪ್ಸ್ ಹಾಕಿ. ಮ್ಯಾಕ್ 2002ರಿಂದಲೂ ಕಪ್ಸ್ ಬಳಸುತ್ತಿದೆ. ಜೊತೆಗೆ, ಪ್ರಿಂಟರ್ ಇದೆಯೆಂದು ಮನೆಯ ಜಾಲಕ್ಕೆ ಸಾರುವ ತಂತ್ರಾಂಶ ಅವಾಹಿ ಇದ್ದರೆ ಫೋನು, ಮ್ಯಾಕ್, ಉಬುಂಟು ಮೂರಕ್ಕೂ ಪ್ರಿಂಟರ್ ತಾನಾಗಿಯೇ ಕಾಣುತ್ತದೆ. ವಿಂಡೋಸ್‌ಗೆ ಮಾತ್ರ ಪೈನ ಐಪಿ ವಿಳಾಸ, ಪೋರ್ಟ್ 631 ಮತ್ತು ಪ್ರಿಂಟರಿನ ಹೆಸರನ್ನು ಕೈಯಾರೆ ಕೊಡಬೇಕಾಗಬಹುದು. ರೂಟರಿನಲ್ಲಿ ಆ ವಿಳಾಸವನ್ನು ಪೈಗೇ ಕಾಯ್ದಿರಿಸಿ, ಇಲ್ಲದಿದ್ದರೆ ಅದು ಬದಲಾದ ದಿನ ಮತ್ತೆ ಹುಡುಕಾಟ.

ನೆಟ್‌ವರ್ಕಿಗ: ಐಫೋನ್ ವಿಷಯ ಒಪ್ಪಿದೆ. ಆದರೆ ಹಳೆಯ ಲೇಸರ್‌ಗಳೆಲ್ಲ ಇಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಎಚ್‌ಪಿ ಲೇಸರ್‌ಜೆಟ್ 1020 ಪ್ರತಿ ಸಲ ಆನ್ ಮಾಡಿದಾಗಲೂ ಕಂಪ್ಯೂಟರಿನಿಂದ ಫರ್ಮ್‌ವೇರ್ (ಪ್ರಿಂಟರಿನೊಳಗೆ ಓಡುವ ತಂತ್ರಾಂಶ) ಪಡೆದ ಮೇಲೆಯೇ ಮುದ್ರಿಸುವುದು. ಪೈನಲ್ಲಿ ಅದಕ್ಕೂ ಏರ್ಪಾಡು ಮಾಡಬೇಕು. ಹೊಸಬರಿಗೆ ಇದನ್ನು ಹೇಳದೆ ‘ಕಪ್ಸ್ ಹಾಕಿ’ ಎನ್ನುವುದು ಸರಿಯಲ್ಲ.

ತುಂತುರು: ಕನ್ನಡ ಕಡತ ಮುದ್ರಿಸುವವರಿಗೆ ಒಂದು ಮಾತು. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನ ಕಡತವನ್ನು ಆ ಫಾಂಟ್ ಇಲ್ಲದ ಉಬುಂಟುವಿನಲ್ಲಿ ತೆರೆದರೆ ಅಕ್ಷರಗಳೆಲ್ಲ ಕಲಸಿಹೋಗುತ್ತವೆ. ಅದು ಪ್ರಿಂಟರಿನ ತಪ್ಪಲ್ಲ. ಫಾಂಟ್ ಇರುವ ಯಂತ್ರದಲ್ಲೇ ಪಿಡಿಎಫ್ ಮಾಡಿಕೊಂಡು ಕಳಿಸಿ.

ಪೆಂಗ್ವಿನ್‌ಪ್ರಿಯ: ಪೋರ್ಟ್ 631 ಮನೆಯೊಳಗೇ ಇರಲಿ, ರೂಟರಿನಿಂದ ಹೊರಕ್ಕೆ ತೆರೆಯಬೇಡಿ. ಜಾಲದ ಪ್ರಿಂಟರುಗಳನ್ನು ಹುಡುಕಿಕೊಡುವ ಕಪ್ಸ್-ಬ್ರೌಸ್ಡ್‌ನಲ್ಲಿ 2024ರ ಸೆಪ್ಟೆಂಬರಿನಲ್ಲಿ ಬಯಲಾದ ದೋಷ ಆ ಪೋರ್ಟಿನ ಮೂಲಕವೇ ಒಳನುಗ್ಗಲು ದಾರಿ ಕೊಟ್ಟಿತ್ತು.

ಸಂಪಿಗೆ: ಹಾಗಾದರೆ ಮೊದಲು ಪ್ರಿಂಟರನ್ನು ಉಬುಂಟು ಲ್ಯಾಪ್‌ಟಾಪಿಗೇ ಜೋಡಿಸಿ ನೋಡುತ್ತೇನೆ. ಅಲ್ಲಿ ಮುದ್ರಿಸಿದರೆ ಪೈ ಕೊಳ್ಳುತ್ತೇನೆ.

ನೆಟ್‌ವರ್ಕಿಗ: ಅಷ್ಟೇ ಸಾಲದು, ಡ್ರೈವರ್ ಯಾವುದೆಂದೂ ನೋಡಿ. ಮುಕ್ತ ತಂತ್ರಾಂಶವಾದರೆ ತೊಂದರೆಯಿಲ್ಲ. ತಯಾರಕರು ಇಂಟೆಲ್ ಯಂತ್ರಗಳಿಗೆಂದು ಮಾತ್ರ ಕೊಟ್ಟ ಬೈನರಿಯಾದರೆ ಆರ್ಮ್ ಪ್ರೊಸೆಸರಿನ ಪೈನಲ್ಲಿ ಓಡುವುದಿಲ್ಲ. ಆಗ ಹಳೆಯ ಇಂಟೆಲ್ ಲ್ಯಾಪ್‌ಟಾಪೇ ವಾಸಿ.